ಆನೆಯ ಹಿಂಗಾಲಿನ ಕೆಳಗಿನ ಊರು

ನಾನು ಕಾಗದದ ಜೊತೆಗೂ ಜಗಳವಾಡುವ ಮನುಷ್ಯ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಗುಂಡ್ಲುಪೇಟೆಯಲ್ಲಿ ಲಾರಿ ಡ್ರೈವರುಗಳ ಕೈಗೆ ಮೊಬೈಲು ಆಗಷ್ಟೇ ಬಂದಿದ್ದ ಕಾಲ. ಮೈಸೂರಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದ ನನ್ನ ಭಾವ ಬ್ರಿಟಿಷ್ ಸಾಮ್ರಾಜ್ಯದ ಹಳೆಯ ನಕ್ಷೆಯೊಂದನ್ನು ಪ್ರೀತಿಯಿಂದ ಕೊಟ್ಟರು. ಇಂಡಿಯಾ ಪೂರ್ತಿ ಗುಲಾಬಿ ಬಣ್ಣ. ಅಂಚಿನ ಸುತ್ತ ಇರುವೆ ಸಾಲಿನಂಥ ಇಂಗ್ಲಿಷ್ ವಿವರಣೆ: ಎಲ್ಲಿ ಏನು ಬೆಳೆಯುತ್ತದೆ, ಯಾರು ಸೋಮಾರಿಗಳು, ಯಾರು ಹೇಳಿದ ಮಾತು ಕೇಳುತ್ತಾರೆ.

ಎಲ್ಲರೂ ಮಾಡುವಂತೆ ನಾನೂ ಮೊದಲು ನಮ್ಮೂರನ್ನು ಹುಡುಕಿದೆ. ಇರಲಿಲ್ಲ. ಮೈಸೂರಿನ ಕೆಳಗೆ, ನೀಲಗಿರಿಯ ಮೇಲೆ, ಊರಿರಬೇಕಾದ ಜಾಗದಲ್ಲಿ ನಕ್ಷೆ ಬರೆದ ಪುಣ್ಯಾತ್ಮ ಒಂದು ಆನೆ ಬರೆದಿದ್ದ. ಅದು ಜ್ವರದ ಕಾಡು, ಹೇಳಿಕೊಳ್ಳುವಂಥ ಊರಿಲ್ಲ ಎಂದು ಅಂಚಿನಲ್ಲಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಆನೆ ಬರುವುದು ನಿಜ, ಈಗಲೂ ಬರುತ್ತದೆ. ಆದರೆ ನಾವೂ ಇದ್ದೆವಲ್ಲ! ಈರುಳ್ಳಿ ಮಂಡಿಯವನಾದ ನಾನು ಕೇರಳಕ್ಕೆ ಲಾರಿ ತುಂಬಿಸಿ ಕಳಿಸುವ ದಾರಿಯಲ್ಲೇ ನನ್ನ ಮುತ್ತಜ್ಜ ರಾಗಿ ಗಾಡಿ ಹೊಡೆದವನು. ಆನೆಯ ಹಿಂಗಾಲು ಸರಿಯಾಗಿ ಅವನ ಮೇಲಿತ್ತು.

ನಕ್ಷೆ ಬರೆಯುವವರ ಕಷ್ಟ ನನಗೆ ಅರ್ಥವಾಗುತ್ತದೆ. ಖಾಲಿ ಬಿಟ್ಟರೆ ದೊರೆಗೆ ಸಿಟ್ಟು. ಅದಕ್ಕೇ ಗೊತ್ತಿಲ್ಲದ ಸಮುದ್ರದಲ್ಲಿ ತಿಮಿಂಗಿಲ, ಗೊತ್ತಿಲ್ಲದ ನೆಲದಲ್ಲಿ ಆನೆ. ಭೂಗೋಳದ ಪರೀಕ್ಷೆಯಲ್ಲಿ ಉತ್ತರ ಬಾರದಾಗ ನಾನೂ ಚಿತ್ರ ಬರೆದವನೇ. ನನಗೆ ಮಾತ್ರ ಸೊನ್ನೆ ಕೊಟ್ಟರು.

ಪೆನ್ನು ತೆಗೆದು ಊರಿನ ಹೆಸರು ಬರೆಯಲು ಹೊರಟೆ. ಭಾವ ಹೌಹಾರಿದರು.

“ಒಂದು ಚುಕ್ಕೆ ಇಟ್ರೂ ನಕ್ಷೆ ಹಾಳು ಕಣಯ್ಯ. ಹಳೇದನ್ನ ಇದ್ದ ಹಾಗೇ ಬಿಡಬೇಕು.”

“ಹಾಗೇ ಬಿಟ್ರೆ ನಾವು ಇಲ್ಲ ಅಂತ ಒಪ್ಪಿದ ಹಾಗಾಯ್ತಲ್ಲ ಭಾವ?” ಎಂದೆ.

ಕಟ್ಟು ಹಾಕಿಸಲು ಚಾಮರಾಜನಗರದ ಗೌಸ್ ಸಾಬರ ಅಂಗಡಿಗೆ ಒಯ್ದೆ. ಮದುವೆಯಲ್ಲಿ ಉಡುಗೊರೆ ಕೊಡುವ ಪಟಗಳಿಗೆ ಕಟ್ಟು ಹಾಕಿ, ಕೊಡುವವರ ಹೆಸರನ್ನು ಗಾಜಿನ ಮೇಲೆ ಬಣ್ಣದಲ್ಲಿ ಬರೆಯುವುದರಲ್ಲಿ ಅವರದು ಎತ್ತಿದ ಕೈ. ನನ್ನ ದೂರನ್ನೆಲ್ಲ ಕೇಳಿ ಆನೆಯನ್ನೇ ದಿಟ್ಟಿಸಿದರು.

“ಕಾಗ್ದ ಯಾಕ್ ಮುಟ್ಟೀರಿ ಯಜಮಾನ್ರೇ? ಗಾಜಿನ್ ಮ್ಯಾಲೆ ಬರ್ದ್‌ಬುಡ್ತೀನಿ. ನಿಮ್ ಭಾವಾರ್ ನಕ್ಸೆಗೂ ಏನೂ ಆಗಕಿಲ್ಲ. ನಾಳಿಕ್ ಬನ್ನಿ.”

ಮರುದಿನ ಹೋದರೆ ಆನೆಯ ಮೇಲೆ ಕೆಂಪಕ್ಷರದಲ್ಲಿ ‘ಗುಂಡ್ಲುಪೇಟೆ’ ಮೆರೆಯುತ್ತಿತ್ತು. ಆ ಹೆಸರಿನ ತಲೆಯ ಮೇಲೆ, ‘ಶುಭ ಕೋರುವವರು’.

ಸಾಬರು ನಾಲಿಗೆ ಕಚ್ಚಿಕೊಂಡರು. “ಮದ್ವೆ ಸೀಜನ್ನು ಕಣ್ರೀ, ಕೈ ತಾನೇ ಓಡ್‌ಬುಡ್ತು. ಒರ್ಸ್‌ಬುಡ್ಲಾ?”

ನನಗೆ ಅರೆಗಳಿಗೆ ಸಿಟ್ಟು ಬಂತು. ಆಮೇಲೆ ನಗು ಬಂತು. ಬೇಡ ಎಂದು ಹೇಳಿ, ಹಾಗೇ ತಂದು ಮಂಡಿಯ ಗೋಡೆಗೆ ತೂಗುಹಾಕಿದೆ.

ಭಾವ ನೋಡಿ ತಲೆ ಚಚ್ಚಿಕೊಂಡರು. “ಅಳಿಸಯ್ಯಾ, ತಿಳಿದವರು ನೋಡಿದ್ರೆ ನಗ್ತಾರೆ.”

ನಗಲಿ, ನಾನು ಅಳಿಸುವುದಿಲ್ಲ. ನಮ್ಮನ್ನು ಆನೆಯ ಕಾಲಡಿ ಹಾಕಿದವರು ಗಂಟುಮೂಟೆ ಕಟ್ಟಿಕೊಂಡು ಹೋಗಿಯಾಗಿದೆ. ಹೊರಟವರಿಗೆ ಬಾಗಿಲಲ್ಲಿ ನಿಂತು ಶುಭ ಕೋರುವವರು ಮನೆಯವರು ತಾನೇ?