ಎಂಬತ್ತೇಳನೆಯ ಹಾಜರಿ

ಬೆಳಗಿನ ಆರು ಗಂಟೆ. ಜಮಖಂಡಿಯ ಪದವಿ ಕಾಲೇಜೊಂದರ ದೊಡ್ಡ ಹಾಲಿನ ಬೀಗ ತೆಗೆಯುತ್ತಾರೆ ಸಿಪಾಯಿ ಅನ್ನವ್ವ. ಒಳಗೆ ಕಾಲಿಡುವ ಮುನ್ನ ಹೊಸ್ತಿಲಲ್ಲಿ ನಿಂತು ಒಂದು ಗಳಿಗೆ ಕಿವಿಗೊಡುತ್ತಾರೆ. ಆಮೇಲೆಯೇ ಕಸಬರಿಗೆ ಹಿಡಿಯುವುದು.

ಗಂಡ ತೀರಿಕೊಂಡ ಮೇಲೆ ಸಿಕ್ಕ ನೌಕರಿ ಇದು. ಇಪ್ಪತ್ತೆರಡು ವರ್ಷವಾಯಿತು. ದಿನಾ ಹದಿನಾಲ್ಕು ಕೋಣೆ, ಮುನ್ನೂರಕ್ಕೂ ಹೆಚ್ಚು ಬೆಂಚು. ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಹೆಸರು ಬರೆಯದೆ ಉಪನ್ಯಾಸಕರಿಗೆ ಅಂಕ ಕೊಡುವ ಫಾರ್ಮುಗಳನ್ನು ತರಗತಿವಾರು ಕಟ್ಟು ಕಟ್ಟುವವರೂ ಇವರೇ. ಏಳನೇ ಇಯತ್ತೆಗೆ ಸಾಲೆ ಬಿಟ್ಟ ಅನ್ನವ್ವನಿಗೆ ಒಂದು ಸಂಗತಿ ಬೇಗ ತಿಳಿದಿತ್ತು. “ಕಟ್ಟು ದಪ್ಪ ಇದ್ರ ಮಾರ್ಕ್ಸ್ ಕಡಿಮಿ, ತೆಳ್ಳಗಿದ್ರ ಹೆಚ್ಚರಿ. ಕಲಿಸೋರು ಒಬ್ರ ಇದ್ರೂ ಹಂಗ.”

ಹೋದ ವರ್ಷ ಈ ಲೆಕ್ಕ ಅತಿಥಿ ಉಪನ್ಯಾಸಕಿ ಮೇಘಾ ಅವರ ಕುತ್ತಿಗೆಗೆ ಬಂತು. ತೇರದಾಳದಿಂದ ಬಸ್ಸಿನಲ್ಲಿ ಬಂದು ಅರ್ಥಶಾಸ್ತ್ರ ಕಲಿಸುವವರು. ಹನ್ನೊಂದು ಮಂದಿಯ ತರಗತಿ ಐದಕ್ಕೆ 4.7 ಕೊಟ್ಟಿತ್ತು, ದೊಡ್ಡ ಹಾಲಿನ ನೂರಾ ಮೂವತ್ತೆರಡು ಮಂದಿ 2.1. ಅವರನ್ನು ಮುಂದುವರಿಸುವುದು ಬೇಡವೆಂಬ ಮಾತು ಆಗಲೇ ನಡೆದಿತ್ತು.

ಆ ದಪ್ಪ ಕಟ್ಟಿನಲ್ಲಿ ಒಂದು ಫಾರ್ಮು. ಅಂಕದ ಜಾಗ ಖಾಲಿ. ಕೆಳಗೆ ಇಷ್ಟೇ: ‘ರೋಲ್ ನಂಬರ್ 87 ಸತ್ತು ಎರಡ ತಿಂಗಳಾತು. ಮ್ಯಾಡಮ್ ದಿನಾ ಹಾಜರಿ ಹಾಕಾಕತ್ತಾರ.’

ಎಂಬತ್ತೇಳು ಎಂದರೆ ಅನಗವಾಡಿಯ ದುಂಡೇಶ. ಅನ್ನವ್ವ ಆ ಊರಲ್ಲಿರುವ ತಂಗಿಗೆ ಫೋನ್ ಮಾಡಿದರು. ಹುಡುಗ ಹೊಳೆಯಲ್ಲಿ ಮುಳುಗಿದ್ದು ನಿಜ. ಹಾಜರಿ ಪುಸ್ತಕದಲ್ಲಿ ಮಾತ್ರ ಅವನು ಒಂದು ದಿನವೂ ತಪ್ಪಿಸಿರಲಿಲ್ಲ.

ಅನ್ನವ್ವನಿಂದ ವಿಷಯ ತಿಳಿದ ಮೇಘಾ ಮರುದಿನ ಅವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ಮೊದಲ ಸಲ ತಲೆಯೆತ್ತಿ ಒಂದೊಂದೇ ಮುಖ ನೋಡುತ್ತ ಹಾಜರಿ ಕರೆದರು. ಎಂಬತ್ತೇಳಕ್ಕೆ ಹಿಂದಿನ ಸಾಲಿನಿಂದ ‘ಎಸ್ ಮ್ಯಾಡಮ್’ ಎಂಬ ದನಿ ಬಂತು. ಎದ್ದು ನಿಲ್ಲಲು ಹೇಳಿದರೆ ಯಾರೂ ಏಳಲಿಲ್ಲ.

“ಆ ಸಾಲಿನ್ಯಾಗ ಯಾರ ತುಟೀನೂ ಅಳ್ಳಾಡಲಿಲ್ರಿ. ನಾ ಕಣ್ಣಾರೆ ನೋಡೇನಿ,” ಎನ್ನುತ್ತಾರೆ ಅನ್ನವ್ವ.

ಅಂದು ಮೇಘಾ ಅವರಿಂದ ಪಾಠ ಮಾಡಲಾಗಲಿಲ್ಲ. ಅನ್ನವ್ವ ಎರಡೂ ಕಟ್ಟುಗಳನ್ನು ಎತ್ತಿಕೊಂಡು ಕರೆಯದೆಯೇ ಪ್ರಾಚಾರ್ಯರ ಕೋಣೆಗೆ ಹೋದರು. ಆವರೆಗೆ ಅವರು ಅಲ್ಲಿಗೆ ಚಹಾ ತೆಗೆದುಕೊಂಡು ಹೋದದ್ದಷ್ಟೇ. “ಕಲಿಸಿದವ್ರು ಒಬ್ರ ಅದಾರ್ರಿ ಸರ. ಹುಡುಗೂರನ್ನ ಹಂಚ್ರಿ,” ಎಂದರು.

ಈ ವರ್ಷ ದೊಡ್ಡ ಹಾಲಿನ ತರಗತಿ ಮೂರು ಭಾಗವಾಗಿದೆ. ಮೇಘಾ ಉಳಿದಿದ್ದಾರೆ, ಅಂಕ 4.3. ಅನಗವಾಡಿಗೆ ಹೋಗಿ ದುಂಡೇಶನ ತಾಯಿಯನ್ನು ಕಂಡು ಬಂದ ಮೇಲೆಯೇ ಅವರು ಅವನ ಹೆಸರಿಗೆ ಗೀಟು ಹಾಕಿದ್ದು. ಆ ದನಿ ಯಾರದೆಂದು ಇಂದಿಗೂ ತಿಳಿದಿಲ್ಲ.

ಬೆಂಚು ಒರೆಸುತ್ತಲೇ ಅನ್ನವ್ವ ಹೇಳುತ್ತಾರೆ: “ಈಗ ಒಂದ ಕೂಸು ಬರಲಿಲ್ಲಂದ್ರ ಅವತ್ತ ಮನಿಗೆ ಫೋನ್ ಹೋಗತೈತ್ರಿ. ನನಗ ಅಷ್ಟ ಸಾಕು.”