ಗಾಳಿಯಕ್ಕನ ಮೂಗು

ಬೆಳಗಿನ ಐದೂಮುಕ್ಕಾಲು. ಶಟರನ್ನು ಅರ್ಧಕ್ಕೆ ಎತ್ತಿ ಬಗ್ಗಿ ಒಳಗೆ ನುಗ್ಗುವ ಗಾಳಿಯಕ್ಕ ದೀಪ ಹಾಕುವ ಗೋಜಿಗೆ ಹೋಗುವುದಿಲ್ಲ. ಕತ್ತಲಲ್ಲೇ ನಡೆದು ಹಿಂಬಾಗಿಲು ತೆಗೆದು, ಅಂಗಳದಲ್ಲಿ ನಿಂತು ತಲೆಯೆತ್ತುತ್ತಾರೆ. ಗೋಡೆಗೆ ಆತುಕೊಂಡು ಸೂರಿಗಿಂತ ಎರಡಾಳು ಎತ್ತರಕ್ಕೆ ಹೋಗಿರುವ, ಯಂತ್ರ ಗಾಳಿ ಎಳೆದುಕೊಳ್ಳುವ ಕೊಳವೆ. ಅದರ ತುದಿಯಲ್ಲಿ ಹಳೆಯ ದಿಂಬಿನ ಚೀಲದಿಂದ ಹರಿದ ಬಿಳಿ ಪಟ್ಟಿ. ಪಟ್ಟಿ ರಸ್ತೆಯ ಕಡೆಗೆ ಹಾರುತ್ತಿದೆ. ಎಂದರೆ ಗಾಳಿ ನದಿಯ ಕಡೆಯಿಂದ ಬರುತ್ತಿದೆ. "ಸರಿ," ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಬಂದು ಯಂತ್ರದ ಗುಂಡಿ ಒತ್ತುತ್ತಾರೆ. ಗೋಡೆಯ ಮೇಲಿನ ಕ್ಯಾಲೆಂಡರು ನಡುಗಲು ತೊಡಗುತ್ತದೆ.

ನೀರಿಗಿಳಿದು ಕೆಲಸ ಮಾಡುವ ಮುಳುಗುಗಾರರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರುಗಳಿಗೆ ಗಾಳಿ ತುಂಬುವುದು ಅವರ ಕಸುಬು. ಸೇತುವೆಯ ಕಂಬ ದುರಸ್ತಿ ಮಾಡುವವರು, ದೋಣಿಗಳ ಅಡಿ ಕೆರೆಯುವವರು, ಅಣೆಕಟ್ಟಿನ ಬಾಗಿಲಿಗೆ ಸಿಕ್ಕಿಕೊಂಡ ದಿಮ್ಮಿ ಬಿಡಿಸುವವರು ಗಿರಾಕಿಗಳು. ದಿನಕ್ಕೆ ಹದಿನಾಲ್ಕರಿಂದ ಹದಿನೆಂಟು ಸಿಲಿಂಡರು, ಒಂದೊಂದಕ್ಕೆ ಇಪ್ಪತ್ತು ನಿಮಿಷ. ಅವಸರ ಮಾಡಿದರೆ ಬಿಸಿಯಾಗುತ್ತದೆ. ಆರಿದ ಮೇಲೆ ಒತ್ತಡ ಇಳಿದು ತುಂಬಿದ್ದು ತುಂಬಿದಂತೆ ಉಳಿಯುವುದಿಲ್ಲ. ತೊಡೆಯೆತ್ತರದ ಒಂದು ಉಕ್ಕಿನ ಸಿಲಿಂಡರಿನಲ್ಲಿ ಎರಡು ಸಾವಿರದ ನಾನೂರು ಲೀಟರ್ ಗಾಳಿ ಮುದುಡಿ ಕೂತಿರುತ್ತದೆ. ಗಾಬರಿಯಿಲ್ಲದೆ ಉಸಿರಾಡುವವರಿಗೆ ನೀರಿನಡಿ ಅದು ಸುಮಾರು ಒಂದು ಗಂಟೆಯ ಬದುಕು.

ತುಂಬಿದ ಪ್ರತಿಯೊಂದನ್ನೂ ಕೊಡುವ ಮುಂಚೆ ಗಾಳಿಯಕ್ಕ ಮೂಸುತ್ತಾರೆ. ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿ, ಹೊರಬರುವ ಗಾಳಿಯನ್ನು ಅಂಗೈಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆಯುತ್ತಾರೆ. ಇದಕ್ಕಾಗಿ ಹದಿನೇಳು ವರ್ಷದಿಂದ ತಲೆಗೆ ಎಣ್ಣೆಯಿಲ್ಲ, ಮುಖಕ್ಕೆ ಪೌಡರಿಲ್ಲ, ಬಟ್ಟೆಗೆ ಪರಿಮಳದ ಸೋಪಿಲ್ಲ. ಮೊದಲ ಸಿಲಿಂಡರು ಮುಗಿಯುವ ತನಕ ಟೀ ಕೂಡ ಇಲ್ಲ. "ಮದುವೆ ಮನೆಗೂ ಹಿಂಗೇ ಬರ್ತಾಳೆ, ಒಗೆದು ಒಣಗಿಸಿದ ಗೋಣಿಚೀಲದ ಥರ," ಎಂದು ಅತ್ತೆ ಗೊಣಗುತ್ತಾರೆ. ಸೊಸೆ ಅಂಗಡಿಗೆ ಹೊರಡುವ ತನಕ ಈರುಳ್ಳಿಗೆ ಚಾಕು ತಾಗಿಸದವರೂ ಅದೇ ಅತ್ತೆ.

ಈ ಶಿಸ್ತು ಶುರುವಾದದ್ದು ಒಂದು ಬೈಗುಳದಿಂದ. ಗಂಡ ಆಗ ಸೇತುವೆ ಕೆಲಸದ ಮುಳುಗುಗಾರ. ಈಗ ಒಂದು ಕಿವಿ ಪೂರ್ತಿ ಹೋಗಿದೆ. ಅಂಗಡಿಯಲ್ಲಿ ಕೂತು ಒತ್ತಡದ ಮೀಟರು ನೋಡುತ್ತಾರೆ, ಎದುರಿಗೇ ನಿಂತವರ ಜೊತೆಗೂ ಆಚೆ ದಡದವರನ್ನು ಕರೆದಂತೆ ಮಾತಾಡುತ್ತಾರೆ. ಒಂದು ದಿನ ನೀರಿನಿಂದ ಮೇಲೆ ಬಂದವರೇ ದಡದಲ್ಲಿ ಕೂತು ನಗತೊಡಗಿದರು. ಬೆಲ್ಟಿನ ಕೊಂಡಿ ಬಿಚ್ಚಲು ಬರದು, ಹೆಂಡತಿಯ ಗುರುತು ಹತ್ತದು. "ಹಗಲೊತ್ತಲ್ಲೇ ಕುಡಿದು ಬಂದಿದೀಯಾ ಅಂತ ಅಷ್ಟು ಜನರ ಮುಂದೆ ಜಾಡಿಸಿಬಿಟ್ಟೆ," ಎನ್ನುತ್ತಾರೆ ಗಾಳಿಯಕ್ಕ. "ಪಾಪ, ಕುಡಿದಿರ್ಲಿಲ್ಲ. ಗಾಳಿ ತುಂಬೋ ಯಂತ್ರದ ಪಕ್ಕ ಯಾರೋ ಲಾರಿ ನಿಲ್ಲಿಸಿ, ಇಂಜಿನ್ ಆಫ್ ಮಾಡದೆ ಊಟಕ್ಕೆ ಹೋಗಿದ್ರಂತೆ. ಆ ಹೊಗೆನೇ ಸಿಲಿಂಡರ್ ಒಳಗೆ ಹೋಗಿತ್ತು."

"ಬೈದಿದ್ದನ್ನ ವಾಪಸ್ ತಗೊಂಡ್ಳಾ ಕೇಳಿ," ಎಂದು ಮೀಟರಿನ ಪಕ್ಕದಿಂದ ಗಂಡ ಕೂಗುತ್ತಾರೆ.

"ಬೇರೆ ದಿನಕ್ಕೆ ಆಗುತ್ತೆ ಅಂತ ಹಾಗೇ ಇಟ್ಟಿದೀನಿ," ಎನ್ನುತ್ತಾರೆ ಹೆಂಡತಿ.

ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತು ಮಂಕು ಕವಿಸುತ್ತದೆ, ಹೆಚ್ಚಾದರೆ ಕೊಲ್ಲುತ್ತದೆ. ಆದರೆ ಇಂಜಿನ್ನಿನಿಂದ ಅದು ಒಂಟಿಯಾಗಿ ಬರುವುದಿಲ್ಲ. ಸುಟ್ಟ ಎಣ್ಣೆಯ ಕಮಟು ಜೊತೆಗೇ ಬರುತ್ತದೆ. ಗಾಳಿಯಕ್ಕನ ಮೂಗು ಹುಡುಕುವುದು ಆ ಜೊತೆಗಾರನನ್ನು.

ಕಳೆದ ಮಳೆಗಾಲದಲ್ಲಿ, ಗುಹೆ ನೋಡಲು ಹೋದ ಒಂಬತ್ತು ಶಾಲಾ ಮಕ್ಕಳ ಬೆನ್ನಿಗೇ ನೀರು ನುಗ್ಗಿ ದಾರಿ ಮುಚ್ಚಿಕೊಂಡಾಗ, ಊರಿಗೆ ಊರೇ ಊಟ ನಿದ್ದೆ ಮರೆತಿತ್ತು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಗುರುತಿಲ್ಲದವರೂ ಒಬ್ಬರನ್ನೊಬ್ಬರು ಕೇಳುತ್ತಿದ್ದರು: "ಮಕ್ಕಳ ಸುದ್ದಿ ಏನಾದ್ರೂ ಬಂತಾ?" ಒಂದೂವರೆ ಕಿಲೋಮೀಟರ್ ಒಳಗೆ ಬಂಡೆಯೊಂದರ ಮೇಲೆ ಒಂಬತ್ತೂ ಮಕ್ಕಳು ಜೀವಂತವಾಗಿದ್ದಾರೆ ಎಂದು ಎರಡನೆಯ ದಿನ ತಿಳಿಯಿತು. ಒಬ್ಬ ಮುಳುಗುಗಾರ ಹೋಗಿ ಬರಲು ಮೂರು ಸಿಲಿಂಡರು ಬೇಕು. ಗಂಡ ಹೆಂಡತಿ ತಮ್ಮ ಯಂತ್ರವನ್ನು ಟೆಂಪೋಗೆ ಹೇರಿಕೊಂಡು ಹೊರಟರು. ಅಲ್ಲಿ ಇನ್ನೆರಡು ಯಂತ್ರ ಜೊತೆಯಾದವು. ಆರು ದಿನದಲ್ಲಿ ಐನೂರ ಹನ್ನೆರಡು ಸಿಲಿಂಡರು ತುಂಬಿದವು.

ಜನರೂ ಬಂದರು. ಕಂಬಳಿ ತಂದರು, ಹಗ್ಗ ತಂದರು, ಏನೂ ಸಿಗದವರು ಬರಿಗೈಯಲ್ಲಿ ಬಂದು ನಿಂತರು. ನೀರೆತ್ತುವ ಪಂಪುಗಳಿಗೆ ಕರೆಂಟು ಸಾಲುತ್ತಿಲ್ಲ ಎಂದು ಕೇಳಿ ವ್ಯಾಪಾರಿಗಳು ಸೇರಿ ಎಂಟು ಜನರೇಟರು ತಂದು ಗುಹೆಯ ಬಾಯಿಯ ಹತ್ತಿರ ಸಾಲಾಗಿ ನಿಲ್ಲಿಸಿದರು. ಅದು ಐದನೆಯ ದಿನದ ಬೆಳಗ್ಗೆ. ಆಗ ಗಾಳಿ ಗುಡ್ಡದಿಂದ ಕೆಳಕ್ಕೆ ಬೀಸುತ್ತಿತ್ತು. ಮೇಲಿನ ಮಗ್ಗುಲಲ್ಲಿ, ಬಿಳಿ ಪಟ್ಟಿ ಕಟ್ಟಿದ ಗಳದ ಪಕ್ಕದಲ್ಲಿದ್ದ ಗಾಳಿ ತುಂಬುವ ಯಂತ್ರಗಳಿಗೆ ತೊಂದರೆಯಿರಲಿಲ್ಲ. ಎಂಟು ಗಂಟೆಗೆ ಬಿಸಿಲು ಬಿದ್ದು ಇಳಿಜಾರು ಕಾಯಿತು. ಕಾದ ಇಳಿಜಾರಿನಲ್ಲಿ ಗಾಳಿ ಮೇಲಕ್ಕೇರುತ್ತದೆ. ಹೊಗೆಯೂ ಏರಿತು.

"ನಾನು ಪಟ್ಟಿ ನೋಡಿದ್ದು ಆರು ಗಂಟೆಗೆ. ಆಮೇಲೆ ತಲೆ ಎತ್ತಲಿಲ್ಲ. ಅದು ನನ್ನ ತಪ್ಪು," ಎನ್ನುತ್ತಾರೆ ಗಾಳಿಯಕ್ಕ, ಯಾರೂ ಕೇಳದಿದ್ದರೂ. ಸಿಲಿಂಡರು ಮೂಸುವುದನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಆದರೆ ಹೊಗೆಯಲ್ಲಿ ನಿಂತ ಮೂಗಿಗೆ ಸ್ವಲ್ಪ ಹೊತ್ತಿನಲ್ಲಿ ಹೊಗೆ ಗೊತ್ತಾಗುವುದಿಲ್ಲ. ತನ್ನ ಮನೆಯ ವಾಸನೆ ತನಗೆ ತಿಳಿಯದ ಹಾಗೆ.

ಹತ್ತು ಗಂಟೆಗೆ, ಒಳಗೆ ಹೋಗಿದ್ದವರಲ್ಲಿ ಕೊನೆಯವನು, ಎಂಟರ ಮೇಲೆ ತುಂಬಿ ನಡುದಾರಿಗೆ ಕಳಿಸಿದ್ದ ಸಿಲಿಂಡರು ಕಟ್ಟಿಕೊಂಡು ಹೊರಬಂದ. ಬಂಡೆಗೆ ಒರಗಿ ಕೂತು ನಕ್ಕ. ಬೆಲ್ಟಿನ ಕೊಂಡಿ ತಡಕಾಡುತ್ತ ಇನ್ನಷ್ಟು ನಕ್ಕ. ಮಕ್ಕಳನ್ನು ಕಂಡ ಖುಷಿ ಎಂದುಕೊಂಡು ಸುತ್ತಲಿನವರೂ ನಕ್ಕರು. ಗಾಳಿಯಕ್ಕ ಎದ್ದು ಮೂರೂ ಯಂತ್ರ ಆರಿಸಿದರು, ಅವನನ್ನು ವೈದ್ಯರ ಬಳಿಗೆ ಕಳಿಸಿದರು. ಮುಂದಿನ ನಾಲ್ವರು ಇಳಿಯಲು ಬೆಲ್ಟು ಬಿಗಿಯುತ್ತಿದ್ದರು. ತುಂಬಿಟ್ಟ ಸಿಲಿಂಡರೊಂದನ್ನು ಮೂಸಿದರೆ ಏನೂ ಇಲ್ಲ. ಇನ್ನೊಂದು, ಅದರಲ್ಲೂ ಏನೂ ಇಲ್ಲ. ತಲೆಯೆತ್ತಿದಾಗ ಬಿಳಿ ಪಟ್ಟಿ ತಿರುಗಿ ನಿಂತಿದ್ದು ಕಂಡಿತು. ಹಗ್ಗದಾಚೆ ಒಬ್ಬ ಹೆಂಗಸು, ಗುಡ್ಡದ ಆ ಬದಿಯಲ್ಲಿದ್ದ ಹೆತ್ತವರ ಡೇರೆಯಿಂದ ಆಗಷ್ಟೇ ಬಂದವರು, ಸುಮ್ಮನೆ ನೋಡುತ್ತ ನಿಂತಿದ್ದರು.

"ಸ್ವಲ್ಪ ಇಲ್ಲಿ ಬನ್ನಿ ತಾಯಿ. ಇದನ್ನ ಮೂಸಿ."

"ನಾನಾ?"

"ನನ್ನ ಮೂಗು ಕೆಟ್ಟಿದೆ. ನಿಮ್ಮದು ಈಗ ತಾನೇ ಬಂದಿದೆ."

ಆಕೆ ಮೂಸಿ ಮುಖ ಸಿಂಡರಿಸಿದರು. "ಲಾರಿ ಹಿಂದೆ ನಿಂತಂಗಿದೆ." ಆಮೇಲೆ ಮೆಲ್ಲಗೆ ಕೇಳಿದರು: "ಇದನ್ನಾ ಒಳಗೆ ಕಳಿಸೋದು? ನನ್ನ ಮಗಳು ಇದಾಳೆ."

ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚುವ ಗಾಜಿನ ಕೊಳವೆಗಳಲ್ಲಿ ಉಳಿದಿದ್ದ ಒಂದೇ ಒಂದರ ತುದಿ ಮುರಿದು ಗಾಳಿಯಕ್ಕ ಆ ಸಿಲಿಂಡರಿನ ಗಾಳಿಗೆ ಹಿಡಿದರು. ಒಳಗಿನ ಹಳದಿ ಪುಡಿ ಕಂದು ಬಣ್ಣಕ್ಕೆ ತಿರುಗಿತು. ಅಲ್ಲಿಗೆ ಅನುಮಾನ ಮುಗಿಯಿತು.

ಎಂಟು ಗಂಟೆಯಿಂದ ತುಂಬಿದ್ದ ಹದಿನೇಳು ಸಿಲಿಂಡರು ಸಾಲಾಗಿ ನಿಂತಿದ್ದವು. ಗಾಳಿಯಕ್ಕ ಒಂದೊಂದರ ತಿರುಪನ್ನೂ ತೆರೆದರು. ಒತ್ತಿ ಕೂತಿದ್ದ ಗಾಳಿ ಅಬ್ಬರಿಸುತ್ತ ಹೊರನುಗ್ಗಿತು. ತಿರುಪಿನ ಮೇಲೆ ಬಿಸಿಲಿನಲ್ಲೇ ಹಿಮ ಕಟ್ಟಿತು. ಜನ ಓಡಿಬಂದರು. ಮಧ್ಯಾಹ್ನದ ಮೇಲೆ ಮಳೆ ಎಂದು ಆಗಲೇ ಹೇಳಿದ್ದರು. ಒಂದೊಂದು ನಿಮಿಷಕ್ಕೂ ಬೆಲೆಯಿದ್ದ ಹೊತ್ತು. "ಮಕ್ಕಳು ಒಳಗೆ ಒದ್ದಾಡ್ತಿದಾರೆ, ಇವಳು ಗಾಳಿ ಚೆಲ್ತಿದಾಳೆ ನೋಡ್ರಿ," ಎಂದು ಒಬ್ಬ ಮೊಬೈಲು ಹಿಡಿದ. ಆ ವಿಡಿಯೋ ಸಂಜೆಯೊಳಗೆ ಊರೆಲ್ಲ ಸುತ್ತಿತು.

ಉಸ್ತುವಾರಿ ಅಧಿಕಾರಿ ಬೈಯಲಿಲ್ಲ. ಬೆವರು ಒರೆಸಿಕೊಂಡು ಹೇಳಿದರು: "ಜನರೇಟರ್ ನಿಲ್ಲಿಸಿದ್ರೆ ಪಂಪು ನಿಲ್ಲುತ್ತೆ. ಪಂಪು ನಿಂತ್ರೆ ನೀರು ಏರುತ್ತೆ. ಅದನ್ನ ಕೇಳ್ಬೇಡಿ."

"ಅವು ಅಲ್ಲೇ ಇರ್ಲಿ ಸರ್. ನಾನೇ ಹೋಗ್ತೀನಿ, ಆ ಪಕ್ಕದ ದಿಬ್ಬಕ್ಕೆ. ಉದ್ದ ಕೇಬಲ್ ಕೊಡಿ."

ದಿಬ್ಬಕ್ಕೆ ದಾರಿಯಿಲ್ಲ. ಕೆಸರು, ಮುಳ್ಳುಕಂಟಿ. ಒಂದೊಂದು ಯಂತ್ರದ ತೂಕ ನೂರೆಂಬತ್ತು ಕಿಲೋ. ಜನ ಇನ್ನೂ ಗೊಣಗುತ್ತಲೇ ಇದ್ದಾಗ ಆ ತಾಯಿ ಅವರತ್ತ ತಿರುಗಿದರು. "ಅದು ಹೊಗೆ. ನಾನೇ ಮೂಸಿದೀನಿ. ನನ್ನ ಮಗಳಿಗೆ ಆ ಗಾಳಿ ಬೇಡ," ಎಂದರು, ಅಷ್ಟೇ. ಗದ್ದಲ ನಿಂತಿತು. ಆಗ ಗಾಳಿಯಕ್ಕನ ಗಂಡ ಬಾಯಿ ತೆರೆದರು. "ಹನ್ನೆರಡು ಜನ ಈ ಕಡೆ. ಹನ್ನೆರಡು ಆ ಕಡೆ. ಬೀಡಿ ಹಚ್ಚಿರೋರು ದೂರ ಇರಿ."

"ಮದುವೆ ಆದಾಗಿನಿಂದ ಆ ಗಂಟಲಿಗೆ ಶಾಪ ಹಾಕಿದೀನಿ. ಅವತ್ತೊಂದು ದಿನ ಉಪಯೋಗಕ್ಕೆ ಬಂತು," ಎನ್ನುತ್ತಾರೆ ಗಾಳಿಯಕ್ಕ.

ಮೂರು ದಿನದಿಂದ ಕೈಕಟ್ಟಿ ನಿಂತಿದ್ದವರಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಗಳ ಕಟ್ಟಿ, ಹೆಗಲು ಕೊಟ್ಟು, ಕೆಸರಿನಲ್ಲಿ ಜಾರುತ್ತ ಮೂರೂ ಯಂತ್ರ ಹೊತ್ತರು. ವಿಡಿಯೋ ತೆಗೆದವನೂ ಮೊಬೈಲು ಜೇಬಿಗಿಟ್ಟು ಹೆಗಲು ಕೊಟ್ಟ. ಒಂದು ಗಂಟೆ ಹತ್ತು ನಿಮಿಷ ಹೋಯಿತು. ಹೊಸ ಜಾಗದ ಮೊದಲ ಸಿಲಿಂಡರನ್ನೂ ಆ ತಾಯಿಯೇ ಮೂಸಿ ತಲೆಯಾಡಿಸಿದರು. ಮಳೆ ನಾಲ್ಕು ಗಂಟೆಗೆ ಬಂತು. ಅಷ್ಟರೊಳಗೆ ಐದು ಮಕ್ಕಳು ಹೊರಗಿದ್ದರು. ಉಳಿದ ನಾಲ್ವರು ಮರುದಿನ, ಮತ್ತದರ ಮರುದಿನ ಬಂದರು. ಮಂಕು ಹಿಡಿದಿದ್ದ ಮುಳುಗುಗಾರ ವಾರದಲ್ಲಿ ಚೇತರಿಸಿಕೊಂಡ.

ಆಮೇಲೆ ಸನ್ಮಾನಗಳಾದವು. ಗಾಳಿಯಕ್ಕನಿಗೆ ಬಂದ ಪತ್ರದಲ್ಲಿ 'ಇತರೆ ನೆರವು' ಎಂದಿದೆ. ಅದನ್ನು ಅಂಗಡಿಯ ಕಿಟಕಿ ಬಡಿದುಕೊಳ್ಳದ ಹಾಗೆ ಮಡಚಿ ಸಂದಿಗೆ ಸಿಕ್ಕಿಸಿದ್ದಾರೆ. ಹಳೆಯ ವಿಡಿಯೋ ಇನ್ನೂ ಆಗಾಗ ಯಾರದೋ ಮೊಬೈಲಿನಲ್ಲಿ ಏಳುತ್ತದೆ. "ಉತ್ತರ ಕೊಡಮ್ಮ ಅಂತ ಮಗಳು ಜಗಳ ಆಡ್ತಾಳೆ. ಏನಂತ ಕೊಡ್ಲಿ? ಚೆಲ್ಲಿದ್ದು ನಿಜ ತಾನೆ," ಎಂದು ನಗುತ್ತಾರೆ. ಈಗ ಪಟ್ಟಿಯನ್ನು ಗಂಟೆಗೊಮ್ಮೆ ನೋಡುತ್ತಾರೆ. ನೆನಪಿಸಲು ಒಂದು ಅಲಾರಾಂ ಇಟ್ಟುಕೊಂಡಿದ್ದಾರೆ. ಅಂಗಡಿಯ ಕೊಳವೆ ಇನ್ನೊಂದಾಳು ಎತ್ತರವಾದರೆ ಒಳ್ಳೆಯದಿತ್ತು ಎನ್ನುವುದು ಸದ್ಯಕ್ಕೆ ಅವರಿಗಿರುವ ಒಂದೇ ಆಸೆ.

ಹೋದ ತಿಂಗಳು ಆ ತಾಯಿ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದರು. ಹನ್ನೊಂದು ವರ್ಷದ ಹುಡುಗಿ, ಅಮ್ಮನ ಸೆರಗಿನ ಹಿಂದೆ. ಗುಹೆಯಲ್ಲಿ ಹೆದರಿಕೆ ಆಯಿತೇ, ಹಸಿವಾಯಿತೇ ಎಂದು ಗಾಳಿಯಕ್ಕ ಕೇಳಲಿಲ್ಲ. ಅದನ್ನು ಕೇಳಲು ಊರಿಡೀ ಇತ್ತು. ಅವರು ಕೇಳಿದ್ದು ಒಂದೇ: "ಬರೋವಾಗ ಮುಖಕ್ಕೆ ಮಾಸ್ಕ್ ಹಾಕಿದ್ರಲ್ಲ ಪುಟ್ಟಿ, ಆ ಗಾಳಿ ಏನು ವಾಸನೆ ಇತ್ತು?"

ಹುಡುಗಿ ಸೆರಗಿನ ಹಿಂದಿನಿಂದ ಮುಖ ಹೊರಹಾಕಿದಳು. "ಏನೂ ಇರ್ಲಿಲ್ಲ. ರಬ್ಬರ್ ವಾಸನೆ ಮಾತ್ರ."

ಗಾಳಿಯಕ್ಕ ಮುಂದಿನ ಸಿಲಿಂಡರಿಗೆ ಕೊಳವೆ ಸಿಕ್ಕಿಸುತ್ತ ಹೇಳಿದರು, "ರಬ್ಬರ್ ನಂದಲ್ಲಮ್ಮ. ಅದು ಮಾಸ್ಕ್ ಮಾಡಿದವರದು."