ಮೊಮ್ಮಗಳಿಗೆ ಕಲಿಸದ ಉರುಮೆ

ಚಳ್ಳಕೆರೆಯಲ್ಲಿರುವವರಿಗೆ ಎಣ್ಣೆಯ ವಾಸನೆ ಹೊಸದೇನಲ್ಲ. ಆದರೂ ಮೊನ್ನೆ ಅಂಗಡಿಯಲ್ಲಿ ಯಾರೋ ಹರಳೆಣ್ಣೆ ಅಳೆಸಿಕೊಳ್ಳುತ್ತಿದ್ದಾಗ, ಬಂದ ಕೆಲಸ ಮರೆತು ನಿಂತುಬಿಟ್ಟೆ. ಉರುಮೆ ಅಜ್ಜನ ಅಂಗೈಯಿಂದ ಇದೇ ವಾಸನೆ ಬರುತ್ತಿತ್ತು. ಬಾಗಿದ ಕೋಲಿಗೆ ಹರಳೆಣ್ಣೆ ಸವರಿ, ಉರುಮೆ ಎಂಬ ಚರ್ಮವಾದ್ಯದ ಒಂದು ಮುಖಕ್ಕೆ ಉಜ್ಜಿದರೆ ಅದು ಗುರ್ರೆನ್ನುತ್ತಿತ್ತು...

ಆಗ ನಾನು ಬಿ.ಜಿ. ಕೆರೆ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಟೀಚರು. ಶನಿವಾರ ಮಕ್ಕಳಿಗೆ ಪಾಠ ಬಿಟ್ಟು ಬೇರೇನಾದರೂ ಕಲಿಸೋಣವೆಂದು, ಅಜ್ಜನ ಮನೆಗೆ ನಾನೇ ಹೋಗಿ ಕರೆದೆ. ಅವರ ಕೇರಿಯ ಹೆಸರು ಹೇಳಿ ಕೆಲವರು ಮೂಗು ಮುರಿದರು. ನಾನು ಕ್ಯಾರೇ ಅನ್ನಲಿಲ್ಲ. "ಬಾಯಾಗೆ ಬರದಿದ್ದು ಕೈಯಾಗೆ ಬರಲ್ಲ" ಎಂದು ಅಜ್ಜ ಮೊದಲ ತಿಂಗಳೆಲ್ಲ ಬಡಿತಗಳನ್ನು ಬಾಯಲ್ಲೇ ಹೇಳಿಸಿದರು. ಮಕ್ಕಳೋ, ಊಟದ ತಟ್ಟೆ, ಬೆಂಚು, ಪಕ್ಕದವರ ಬೆನ್ನು, ಒಂದನ್ನೂ ಬಿಡಲಿಲ್ಲ. ಹೆಡ್‌ಮಾಸ್ಟರು ತಲೆ ಹಿಡಿದುಕೊಂಡು ಕೂತಿರುತ್ತಿದ್ದರು.

ಅಜ್ಜನ ಮೊಮ್ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಳು. ಅವಳ ಕೈಗೆ ಮಾತ್ರ ಅಜ್ಜ ಕೋಲು ಕೊಡುತ್ತಿರಲಿಲ್ಲ. "ನೀನು ಮಗ್ಗಿ ಬರಿ" ಎಂದು ಮೂಲೆಗೆ ಕೂರಿಸುತ್ತಿದ್ದರು. ಹೆಣ್ಣೆಂದು ಹೀಗೆ ಮಾಡುತ್ತಾರಾ ಅಂದುಕೊಂಡರೆ, ಬೇರೆ ಹೆಣ್ಣುಮಕ್ಕಳಿಗೆ ಬೆರಳು ಹಿಡಿದು ಕಲಿಸುತ್ತಿದ್ದರು. ನನಗೆ ತಲೆಬುಡ ತಿಳಿಯಲಿಲ್ಲ.

"ಯಾಕಜ್ಜಾ, ಅವಳಿಗೂ ಕಲಿಸ್ರಿ" ಅಂದೆ.

"ಅವ್ಳಿಗೆ ಬ್ಯಾಡ ಬಿಡ್ರಿ ಮೇಡಮ್ಮೋರೆ" ಅಂದರು. ಅಷ್ಟೇ.

ಒಂದು ಶನಿವಾರ ಅಜ್ಜ ಬರುವುದು ತಡವಾಯಿತು. ಉರುಮೆ ಹಿಂದಿನ ವಾರದಿಂದ ಶಾಲೆಯಲ್ಲೇ ಇತ್ತು. ಹುಡುಗಿ ಎದ್ದು ಬಂದು ಅದನ್ನು ಕೊರಳಿಗೆ ಹಾಕಿಕೊಂಡಳು. ಅಬ್ಬಾ, ಆ ಬಡಿತ! ಮೂಲೆಯಲ್ಲಿ ಕೂತು ಕೇಳಿಯೇ ಕಲಿತಿದ್ದಳು ಕಳ್ಳಿ. ನನ್ನದೋ ಅಧಿಕಪ್ರಸಂಗಿ ಬುದ್ಧಿ. ಅಜ್ಜನಿಗೆ ಹೇಳದೆ, ವಾರದ ದಿನ ಅವಳಿಗೆ ಅಭ್ಯಾಸ ಮಾಡಿಸಿ, ಮೊಳಕಾಲ್ಮೂರಿನ ಮಕ್ಕಳ ಸ್ಪರ್ಧೆಯಲ್ಲಿ ಮುಂದೆ ನಿಲ್ಲಿಸಿಬಿಟ್ಟೆ. ಅಜ್ಜನಿಗೆ ಸರ್‌ಪ್ರೈಸ್ ಕೊಡುತ್ತೇನೆಂಬ ಜಂಬ ಬೇರೆ.

ಮೊದಲ ಬಹುಮಾನ ಬಂತು. ಯಾರೋ ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಹಂಚಿದರು. ಮಕ್ಕಳ ಜೊತೆ ಬಂದು ಕೆಳಗೆ ಕೂತಿದ್ದ ಅಜ್ಜ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಖುಷಿಗೆ ಅಂದುಕೊಂಡೆ... ಎಂಥ ದಡ್ಡಿ ನಾನು.

ಹತ್ತು ದಿನಕ್ಕೆ ಅಜ್ಜ ಬಂದು ಮೊಮ್ಮಗಳ ಟಿ.ಸಿ. ಕೊಡಿ ಅಂದರು. ರಾಯದುರ್ಗದಲ್ಲಿರುವ ತಮ್ಮ ಮಗಳ ಮನೆಗೆ ಕಳಿಸುತ್ತಾರಂತೆ. ನಾನು ರೇಗಿದೆ. ಇಷ್ಟು ಚೆನ್ನಾಗಿ ಬಾರಿಸುವ ಹುಡುಗಿಯನ್ನು ಎಲ್ಲಿಗೆ ಅಟ್ಟುತ್ತೀರಿ ಎಂದು ಕೂಗಾಡಿದೆ. ಅಜ್ಜ ಟೇಬಲ್ಲಿನ ಅಂಚು ಹಿಡಿದುಕೊಂಡು ನಿಂತಿದ್ದರು.

"ದೊಡ್ಡಮನೇಲಿ ನಿನ್ನೆ ಸಾವಾತು. ವಿಡಿಯೋ ನೋಡಿದೀವಿ, ಹುಡುಗೀನೂ ಕರ್ಕಂಡು ಬಾ, ಹೆಣದ ಮುಂದೆ ಬಾರಿಸ್ಲಿ ಅಂತ ಹೇಳಿ ಕಳ್ಸಿದ್ರು. ಬೇರೆ ಮಕ್ಳು ಬಾರಿಸಿದ್ರೆ ಚಪ್ಪಾಳೆ ಹೊಡೀತಾರೆ ಮೇಡಮ್ಮೋರೆ. ನಮ್ದು ಬಾರಿಸಿದ್ರೆ ಹೆಣಕ್ಕೆ ಕರೀತಾರೆ."

ಟಿ.ಸಿ. ಬರೆದುಕೊಟ್ಟೆ. ಹಾಗಾದರೆ ಬೇರೆ ಮಕ್ಕಳಿಗೆ ಅಷ್ಟು ಪ್ರೀತಿಯಿಂದ ಯಾಕೆ ಕಲಿಸಿದರು? ವಿದ್ಯೆ ಉಳಿಯಲಿ, ತಮ್ಮ ಮನೆಯಲ್ಲಿ ಮಾತ್ರ ಬೇಡ ಅಂತಲೋ? ಕೇಳುವ ಧೈರ್ಯ ಬರಲಿಲ್ಲ. ಮುಂದಿನ ಶನಿವಾರವೂ ಅಜ್ಜ ಎಂದಿನಂತೆ ಬಂದು ಕಲಿಸಿದರು ನೋಡಿ, ಅದು ನನಗೆ ಇನ್ನೂ ಅರ್ಥವಾಗಿಲ್ಲ.

ಹೋದ ವರ್ಷ ಅಜ್ಜ ತೀರಿಕೊಂಡರೆಂದು ತಿಳಿದು ಹೋಗಿದ್ದೆ. ತಮ್ಮ ಹೆಣದ ಮುಂದೆ ಯಾರೂ ಬಾರಿಸಕೂಡದು ಅಂದಿದ್ದರಂತೆ. ಅಂಗಳ ತಣ್ಣಗಿತ್ತು. ಮೊಮ್ಮಗಳು ಈಗ ನರ್ಸಿಂಗ್ ಓದುತ್ತಾಳೆ. ನನ್ನನ್ನು ಕಂಡು ಬಳಿ ಬಂದಳು. ಅಳುತ್ತಾಳೆಂದುಕೊಂಡೆ.

"ಮಿಸ್, ಅವತ್ತು ನಾನು ಚೆನ್ನಾಗಿ ಬಾರಿಸಿದ್ನಾ? ತಾತ ಒಂದು ದಿನಾನೂ ಹೇಳ್ಲಿಲ್ಲ."

ಬಾರಿಸಿದೆ ಕಣೇ, ಎಷ್ಟು ಚೆನ್ನಾಗಿ ಅಂತೀಯಾ ಎನ್ನಲು ಬಾಯಿ ತೆರೆದೆ. ಅಜ್ಜ ಅಲ್ಲೇ ಮಲಗಿದ್ದರು. ಅವರೆದುರು ಇನ್ನೊಂದು ಸಲ ಅವರ ಮಾತು ಮೀರಲಾ? ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬಸ್ಸಿಗೆ ಹೊತ್ತಾಯಿತಮ್ಮ ಎಂದು ಹೊರಟು ಬಂದೆ.

ಅಜ್ಜ ಇದ್ದಿದ್ದರೆ, ಅವಳಿಗೆ ಏನು ಹೇಳಲಿ ಎಂದು ಅವರನ್ನೇ ಕೇಳುತ್ತಿದ್ದೆ. ಅವರಿಲ್ಲ. ಹುಡುಗಿಗೆ ಉತ್ತರ ಇನ್ನೂ ಸಿಕ್ಕಿಲ್ಲ.